ಮೊಲದ ಹಿಕ್ಕೆಯಲ್ಲಿ ಬಿಳಿ ಹುಳ ಕಂಡಿತೇ? ಮಾತ್ರೆ ತರುವ ಮುಂಚೆ ಇದನ್ನು ಓದಿ

ಬೆಂಗಳೂರು: ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಮೊಲ ಸಾಕುವ ಮನೆಗಳು ಕಡಿಮೆಯೇನಿಲ್ಲ. ಬೊಗಳಲ್ಲ, ವಾಕಿಂಗ್ ಕರೆದುಕೊಂಡು ಹೋಗಬೇಕಿಲ್ಲ, ನಾಯಿ ಬೇಡ ಅನ್ನುವ ಓನರ್ ಕೂಡ ಮೊಲಕ್ಕೆ ತಕರಾರು ಮಾಡುವುದು ಅಪರೂಪ. ಬಾಲ್ಕನಿಯಲ್ಲೊಂದು ಗೂಡು ಇಟ್ಟರೆ ಆಯಿತು. ಆದರೆ ಒಂದು ದಿನ ಗೂಡು ಗುಡಿಸುವಾಗ ಹಿಕ್ಕೆಯ ಮೇಲೆ ಬಿಳಿ ದಾರದಂಥದ್ದೇನೋ ಅಲ್ಲಾಡುತ್ತಿರುತ್ತೆ. ಮನೆಯವರಿಗೆ ಗಾಬರಿ. ಮಕ್ಕಳನ್ನು ಗೂಡಿನ ಹತ್ತಿರ ಬಿಡುವುದಿಲ್ಲ. ಯಾರೋ ಒಬ್ಬರು, 'ಮನೇಲಿ ಹುಳದ ಮಾತ್ರೆ ಇದೆಯಲ್ಲ, ಅದನ್ನೇ ಸ್ವಲ್ಪ ಕೊಡಿ' ಅಂತಾರೆ.

ಎಡವಟ್ಟಾಗುವುದು ಇಲ್ಲೇ. ಮೊಲದಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಬಿಳಿ ಹುಳದಿಂದ ಅದಕ್ಕೆ ದೊಡ್ಡ ತೊಂದರೆ ಆಗುವುದು ಕಡಿಮೆ. ಆದರೆ ಹುಳದ ಹಾಗೇ ಭೇದಿ, ಸೊರಗು ತರುವ, ಹುಳವೇ ಅಲ್ಲದ ಒಂದು ಕಾಯಿಲೆ ಎಳೆ ಮರಿಯನ್ನು ಎರಡು ಮೂರು ದಿನದಲ್ಲಿ ತೆಗೆದುಬಿಡಬಲ್ಲದು. ಅದಕ್ಕೆ ಹುಳದ ಔಷಧಿ ನಾಟುವುದಿಲ್ಲ. ಇನ್ನು ಮೈಮೇಲೆ ಬೀಳುವ ಹುಳಕ್ಕಂತೂ ಗಂಟೆಗಳ ಲೆಕ್ಕ. ಮೂರನ್ನೂ 'ಹುಳ' ಅಂತಲೇ ಕರೆದು ಒಂದೇ ಮಾತ್ರೆ ನುಂಗಿಸುವುದರಿಂದ ಮೊಲಗಳು ಸಾಯುತ್ತವೆ.

ಹಿಕ್ಕೆ ನೋಡಲು ಕಲಿಯಿರಿ

ಮೊಲ ಎರಡು ಥರ ಹಿಕ್ಕೆ ಹಾಕುತ್ತೆ. ಒಂದು ಎಲ್ಲರಿಗೂ ಗೊತ್ತಿರುವ ಗಟ್ಟಿ, ಒಣ, ಕಡಲೆ ಕಾಳಿನಂಥ ಗುಂಡು. ಇನ್ನೊಂದು ಮೆತ್ತಗೆ, ಕಡು ಬಣ್ಣದ್ದು, ಲೋಳೆ ಹೊದ್ದು ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡಿರುತ್ತೆ, ವಾಸನೆಯೂ ಜಾಸ್ತಿ. ಈ ಎರಡನೆಯದನ್ನು ಮೊಲ ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಹಾಕಿ, ನೆಲಕ್ಕೆ ಬೀಳುವ ಮೊದಲೇ ಬಾಯಿ ಹಾಕಿ ತಿಂದುಬಿಡುತ್ತೆ. ಅಸಹ್ಯ ಅನ್ನಿಸಬಹುದು, ಆದರೆ ಅದು ಕಾಯಿಲೆ ಅಲ್ಲ. ಹುಲ್ಲಿನ ಸತ್ವ ಮೊದಲ ಸುತ್ತಿನಲ್ಲಿ ಪೂರ್ತಿ ಸಿಗುವುದಿಲ್ಲ, ಅದಕ್ಕೇ ಎರಡನೇ ಸುತ್ತು. ಬಿ ಗುಂಪಿನ ವಿಟಮಿನ್, ಪ್ರೋಟೀನ್ ಇದರಿಂದಲೇ ಸಿಗುತ್ತವೆ. ಹೊಸದಾಗಿ ಸಾಕಿದವರು ಒಮ್ಮೊಮ್ಮೆ ಈ ಗೊಂಚಲು ನೋಡಿ 'ಭೇದಿ' ಅಂದುಕೊಳ್ಳುತ್ತಾರೆ.

ಹಿಕ್ಕೆಯ ಮೇಲಿನ ಬಿಳಿ ಎಳೆ ಎಲ್ಲವೂ ಹುಳವಲ್ಲ. ಅರಗದ ಒಣಹುಲ್ಲಿನ ನಾರು ಹಾಗೇ ಕಾಣುತ್ತೆ. ರೋಮ ಉದುರುವ ಕಾಲದಲ್ಲಿ ನುಂಗಿದ ರೋಮ ಹಿಕ್ಕೆಗಳನ್ನು ಮಣಿಸರದ ಹಾಗೆ ಪೋಣಿಸಿಬಿಡುತ್ತೆ. ಅನುಮಾನ ಇದ್ದರೆ ತಾಜಾ ಹಿಕ್ಕೆಯೊಂದನ್ನು ಕಪ್ಪು ಹಾಳೆಯ ಮೇಲಿಟ್ಟು, ಒಂದೆರಡು ಹನಿ ಉಗುರುಬೆಚ್ಚಗಿನ ನೀರು ಬಿಟ್ಟು ಎರಡು ನಿಮಿಷ ನೋಡಿ. ನಾರು, ರೋಮ ಸುಮ್ಮನಿರುತ್ತವೆ, ಜೀವಂತ ಹುಳ ಮಿಸುಕುತ್ತೆ. ಮೊಬೈಲಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಂಡರೆ ಡಾಕ್ಟರಿಗೆ ತೋರಿಸಲು ಸುಲಭ.

ಅತಿ ಸಾಮಾನ್ಯ: ದಾರದ ಹುಳ

ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ, ಹೊಲಿಗೆ ದಾರದಷ್ಟು ತೆಳು, ಬಿಳಿ, ಒಂದು ತುದಿ ಚೂಪು. ಇದು ಪಿನ್‌ವರ್ಮ್. ವಿಜ್ಞಾನದ ಹೆಸರು ಪ್ಯಾಸಲುರಸ್ ಆಂಬಿಗುಅಸ್. ಮೊಲದ ಸೀಕಮ್ ಎಂಬ ದೊಡ್ಡ ಚೀಲದಂಥ ಕರುಳಿನಲ್ಲಿ ಮತ್ತು ಅದರ ಮುಂದಿನ ದೊಡ್ಡ ಕರುಳಿನಲ್ಲಿ ವಾಸ. ಮೊಟ್ಟೆ ಹಿಕ್ಕೆಯ ಜೊತೆ ಹೊರಬಂದು ಹುಲ್ಲು, ನೀರಿನ ಬಟ್ಟಲು, ಮೊಲದ ಮೈ ಎಲ್ಲಕ್ಕೂ ಅಂಟುತ್ತೆ. ಮೊಲ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತೆ, ಮೆತ್ತನೆ ಹಿಕ್ಕೆಯನ್ನು ಬಾಯಿಗೇ ಹಾಕಿಕೊಳ್ಳುತ್ತೆ. ಅಂದಮೇಲೆ ಮೊಟ್ಟೆ ಮತ್ತೆ ಹೊಟ್ಟೆಗೆ. ಒಂದು ಮೊಲಕ್ಕೆ ಔಷಧಿ ಕೊಟ್ಟು ಜೊತೆಯ ಇನ್ನೊಂದನ್ನು ಬಿಟ್ಟರೆ ಒಂದೆರಡು ತಿಂಗಳಲ್ಲಿ ಕಥೆ ಮೊದಲಿನಿಂದ ಶುರು.

ಬಹುತೇಕ ಮೊಲಗಳಲ್ಲಿ ಇದರಿಂದ ಏನೂ ಲಕ್ಷಣ ಕಾಣುವುದಿಲ್ಲ. ಜಾಸ್ತಿಯಾದಾಗ ಮಾತ್ರ ಹಿಂಭಾಗ ಕಚ್ಚಿಕೊಳ್ಳುವುದು, ಕೂತಲ್ಲಿ ಕೂರದೆ ಚಡಪಡಿಸುವುದು, ಬಾಲದ ಬುಡದಲ್ಲಿ ರೋಮ ಕಿತ್ತುಹೋಗುವುದು, ಮರಿಗಳು ತಿಂದರೂ ತೂಕ ಏರದಿರುವುದು ಕಾಣಬಹುದು. ಬೆನ್ನ ಮೇಲೆ ಕೈಯಾಡಿಸಿ ನೋಡಿ, ಬೆನ್ನುಮೂಳೆ ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ ಮೊಲ ಸೊರಗಿದೆ ಅಂತ ಅರ್ಥ. ಆದರೆ ಅಷ್ಟು ಸೊರಗಲು ದಾರದ ಹುಳ ಒಂದೇ ಕಾರಣ ಆಗಿರುವುದು ಕಡಿಮೆ. ಹಲ್ಲು ಮಿತಿಮೀರಿ ಬೆಳೆದಿರಬಹುದು, ಬೇರೆ ರೋಗ ಇರಬಹುದು.

ಮನೆಯಲ್ಲಿ ಮಕ್ಕಳಿರುವವರು ಕೇಳುವ ಮೊದಲ ಪ್ರಶ್ನೆ: ಇದು ನಮಗೆ ಬರುತ್ತಾ? ಬರುವುದಿಲ್ಲ. ಮಕ್ಕಳಲ್ಲಿ ರಾತ್ರಿ ಹೊತ್ತು ಹಿಂಭಾಗದಲ್ಲಿ ನವೆ ತರುವ ಪಿನ್‌ವರ್ಮ್ ಬೇರೆಯೇ ಜಾತಿ, ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು. ಮಗುವಿಗೆ ಹುಳ ಆಯಿತು ಅಂತ ಮೊಲವನ್ನು ಪಾರ್ಕಿಗೆ ಬಿಟ್ಟು ಬರುವವರಿದ್ದಾರೆ. ತಪ್ಪು ಮೊಲದ್ದಲ್ಲ. ಜೊತೆಗೆ, ಸಾಕಿದ ಮೊಲ ಪಾರ್ಕಿನಲ್ಲಿ ಬೀದಿನಾಯಿ, ಬೆಕ್ಕಿನ ಕಣ್ಣು ತಪ್ಪಿಸಿ ಬದುಕುವುದು ಕಷ್ಟ. ಮೊಲ ಮುಟ್ಟಿದ ಮೇಲೆ, ಗೂಡು ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮಾತ್ರ ಎಲ್ಲರಿಗೂ ಇರಲಿ.

ಲಾಡಿಹುಳು ಮತ್ತು ಖಾಲಿ ಸೈಟಿನ ಗರಿಕೆ

ದಾರದ ಬದಲು ಚಪ್ಪಟೆಯಾಗಿ, ಅಕ್ಕಿ ಕಾಳು ಅಥವಾ ಸೌತೆ ಬೀಜದಂಥ ತುಣುಕು ಕಂಡರೆ ಲಾಡಿಹುಳು. ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದ ನುಸಿಯನ್ನು ಮೊಲ ತಿಂದಾಗ ಇದು ಬರುತ್ತೆ. ಬಾಲ್ಕನಿಯಲ್ಲೇ ಇದ್ದು ಪೆಲೆಟ್ ಮತ್ತು ಒಣಹುಲ್ಲು ತಿನ್ನುವ ಮೊಲದಲ್ಲಿ ಅಪರೂಪ. ಇದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಬೇರೆ ಔಷಧಿ ಬೇಕು.

ದಕ್ಷಿಣ ಬೆಂಗಳೂರಿನವರು ಹೆಚ್ಚು ಗಮನ ಕೊಡಬೇಕಾದದ್ದು ನಾಯಿಯ ಲಾಡಿಹುಳಿಗೆ. ಟೀನಿಯಾ ಪಿಸಿಫಾರ್ಮಿಸ್ ಎಂಬ ಈ ಹುಳ ದೊಡ್ಡದಾಗುವುದು ನಾಯಿಯ ಕರುಳಿನಲ್ಲಿ, ಅದರ ಮರಿ ಹಂತ ಮೊಲದಲ್ಲಿ. ನಾಯಿ ಮಲದ ಮೂಲಕ ಬಂದ ಮೊಟ್ಟೆ ಹುಲ್ಲಿಗೆ ಅಂಟುತ್ತೆ, ಆ ಹುಲ್ಲು ತಿಂದ ಮೊಲದ ಕರುಳಿನಿಂದ ಮರಿಹುಳ ಲಿವರ್ ಸೇರಿ, ಆಮೇಲೆ ಹೊಟ್ಟೆಯೊಳಗಿನ ಪೊರೆಯಲ್ಲಿ ಬಟಾಣಿ ಗಾತ್ರದ ನೀರುಗುಳ್ಳೆಗಳಾಗಿ ಕೂರುತ್ತೆ. ಅದು ಮತ್ತೆ ದೊಡ್ಡ ಹುಳವಾಗಬೇಕೆಂದರೆ ಆ ಮೊಲವನ್ನು ನಾಯಿ ತಿನ್ನಬೇಕು. ಮೊಲದ ಹಿಕ್ಕೆ ಎಷ್ಟು ಪರೀಕ್ಷೆ ಮಾಡಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಗುಳ್ಳೆ ಇರುವುದು ಕರುಳಿನ ಹೊರಗೆ. ಸ್ವಲ್ಪ ಇದ್ದರೆ ಮೊಲಕ್ಕೆ ಗೊತ್ತೂ ಆಗುವುದಿಲ್ಲ, ಜಾಸ್ತಿಯಾದರೆ ಮಂಕಾಗುತ್ತೆ, ಹೊಟ್ಟೆ ಊದುತ್ತೆ.

2023ರಲ್ಲಿ ಬಿಬಿಎಂಪಿ ನಡೆಸಿದ ಸಮೀಕ್ಷೆ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. ಬೇಲಿ ಇಲ್ಲದ ಖಾಲಿ ಸೈಟು, ಪಾರ್ಕಿನ ಹೊರಗಿನ ಫುಟ್‌ಪಾತ್ ಅಂಚು, ಕೆರೆ ಏರಿಯ ವಾಕಿಂಗ್ ಪಾಥ್ ಇವೆಲ್ಲ ನಾಯಿಗಳ ಮಾಮೂಲಿ ಜಾಗ. ಅಲ್ಲಿಂದ ಗರಿಕೆ ಕಿತ್ತು ತಂದು ಮೊಲಕ್ಕೆ ಹಾಕುವ ಅಭ್ಯಾಸ ಬಿಡುವುದೇ ಮದ್ದು. ತೊಳೆದರೆ ಮೊಟ್ಟೆ ಕಡಿಮೆಯಾಗಬಹುದು, ಪೂರ್ತಿ ಹೋಗುತ್ತೆ ಅನ್ನುವ ಭರವಸೆ ಇಲ್ಲ. ಗಾಂಧಿ ಬಜಾರ್‌ನಲ್ಲಿ ಪೂಜೆಗೆಂದು ಸಿಗುವ ಗರಿಕೆ ಕಟ್ಟೂ ಎಲ್ಲಿ ಬೆಳೆದದ್ದು ಅಂತ ಕೊಳ್ಳುವವರಿಗೆ ತಿಳಿಯುವುದಿಲ್ಲ, ಮೊಲದ ದಿನನಿತ್ಯದ ಊಟಕ್ಕೆ ಅದನ್ನು ನೆಚ್ಚುವುದು ಬೇಡ. ಮನೆಯ ಕುಂಡದಲ್ಲೇ ಗರಿಕೆ, ಗೋಧಿ ಹುಲ್ಲು ಬೆಳೆದುಕೊಳ್ಳಬಹುದು, ಹತ್ತು ಹದಿನೈದು ದಿನಕ್ಕೆ ಒಂದು ಕುಯ್ಲು ಸಿಗುತ್ತೆ. ಮುಖ್ಯ ಊಟ ಒಳ್ಳೆಯ ಒಣಹುಲ್ಲೇ ಇರಲಿ. ಮನೆಯಲ್ಲಿ ನಾಯಿಯೂ ಇದ್ದರೆ ಅದಕ್ಕೆ ಮೂರು ತಿಂಗಳಿಗೊಮ್ಮೆ ಹುಳದ ಔಷಧಿ ತಪ್ಪಿಸಬೇಡಿ. ಅದು ಮೊಲಕ್ಕೂ ರಕ್ಷಣೆ.

ಹುಳವಲ್ಲ, ಆದರೆ ಮರಿ ಕೊಲ್ಲುವುದು ಇದೇ

ಅಂಗಡಿಯಿಂದ ತಂದ ನಾಲ್ಕೈದು ವಾರದ ಮರಿ. ಎರಡು ದಿನ ಚೆನ್ನಾಗಿ ಕುಣಿಯಿತು, ಮೂರನೇ ದಿನ ಮುದುಡಿ ಕೂತಿತು, ಹೊಟ್ಟೆ ಉಬ್ಬಿದೆ, ನೀರುನೀರಾದ ಭೇದಿ, ಕೆಲವೊಮ್ಮೆ ಲೋಳೆ ಅಥವಾ ರಕ್ತ. ಮನೆಯವರು 'ಹೊಟ್ಟೇಲಿ ಹುಳ' ಅಂತ ಮಾತ್ರೆ ಕೊಡುತ್ತಾರೆ. ಇದು ಹುಳವಲ್ಲದಿರುವ ಸಾಧ್ಯತೆಯೇ ಹೆಚ್ಚು. ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ ಇರಬಹುದು, ಕೋಳಿ ಸಾಕಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಕೋಳಿಯ ಕಾಕ್ಸಿಡಿಯಾ ಬೇರೆ, ಮೊಲದ್ದು ಬೇರೆ, ಒಂದರಿಂದ ಒಂದಕ್ಕೆ ಅಂಟುವುದಿಲ್ಲ. ಮೊಲದಲ್ಲಿ ಒಂದು ಬಗೆ ಕರುಳನ್ನು ಹಿಡಿಯುತ್ತೆ, ಇನ್ನೊಂದು ಲಿವರನ್ನು. ತಾಯಿ ಹಾಲು ಬಿಡಿಸುವ ಹೊತ್ತು, ಪ್ರಯಾಣದ ಗಾಬರಿ, ಒಂದೇ ಪಂಜರದಲ್ಲಿ ಹತ್ತು ಮರಿ. ಇದಕ್ಕಿಂತ ಒಳ್ಳೆಯ ಅವಕಾಶ ಕಾಕ್ಸಿಡಿಯಾಕ್ಕೆ ಬೇಕಿಲ್ಲ.

ಇದಕ್ಕೆ ಅಲ್ಬೆಂಡಜೋಲ್ ಆಗಲಿ ಫೆನ್‌ಬೆಂಡಜೋಲ್ ಆಗಲಿ ಕೆಲಸಕ್ಕೆ ಬರುವುದಿಲ್ಲ. ಸಲ್ಫಾ ಗುಂಪಿನ ಔಷಧಿ ಅಥವಾ ಟಾಲ್ಟ್ರಾಜುರಿಲ್ ಅನ್ನು ಪಶುವೈದ್ಯರು ತೂಕ ನೋಡಿ ಬರೆಯುತ್ತಾರೆ, ಜೊತೆಗೆ ನೀರಿನಂಶ ಕೊಡಬೇಕಾಗುತ್ತೆ. ಮರಿಗೆ ಭೇದಿ ಶುರುವಾದ ಅದೇ ದಿನ ತೋರಿಸಬೇಕು. ನಾಳೆ ಭಾನುವಾರ, ಸೋಮವಾರ ಹೋಗೋಣ ಅಂದರೆ ಸೋಮವಾರಕ್ಕೆ ಮರಿ ಇರದೇ ಹೋಗಬಹುದು.

ಇದರ ಮೊಟ್ಟೆಯಂಥ ಕಣ ಹೊರಬಿದ್ದ ಕೂಡಲೇ ರೋಗ ತರುವುದಿಲ್ಲ, ಬಲಿಯಲು ಒಂದೆರಡು ದಿನವಾದರೂ ಬೇಕು. ದಿನಾ ಹಿಕ್ಕೆ ತೆಗೆದರೆ ಅರ್ಧ ಯುದ್ಧ ಗೆದ್ದ ಹಾಗೆ. ಫಿನಾಯಿಲ್ ಹಾಕಿದರೆ ವಾಸನೆ ಹೋಗುತ್ತೆ ಅಷ್ಟೇ, ಕಣ ಸಾಯುವುದಿಲ್ಲ. ಮೊಲವನ್ನು ಹೊರಗಿಟ್ಟು ಗೂಡಿನ ತಟ್ಟೆಗೆ ಕುದಿಯುವ ನೀರು ಸುರಿದು ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. ಬಾಲ್ಕನಿಗೆ ಬಿಸಿಲೇ ಬೀಳದ ಬಿಟಿಎಂ ಕಡೆಯ ಒತ್ತೊತ್ತು ಬಿಲ್ಡಿಂಗ್‌ಗಳಲ್ಲಿ ತಟ್ಟೆಯನ್ನು ಟೆರೇಸಿಗೆ ಒಯ್ಯುವುದು ಒಳ್ಳೆಯದು.

ಮೈಮೇಲೆ ಹುಳ ಬಿದ್ದರೆ

ಇದು ಹೊಟ್ಟೆಯ ಹುಳವಲ್ಲ, ನೊಣದ ಮರಿ. ಮಳೆಗಾಲದಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚು ಎಚ್ಚರ ಬೇಕು. ದಪ್ಪಗಾಗಿ ಹಿಂಭಾಗ ನೆಕ್ಕಿಕೊಳ್ಳಲಾಗದ ಮೊಲ, ಭೇದಿಯಿಂದ ಬಾಲದ ಸುತ್ತ ಒದ್ದೆಯಾದ ಮೊಲ, ಗಾಯವಾದ ಮೊಲ, ಇವುಗಳ ವಾಸನೆಗೆ ನೊಣ ಬಂದು ಮೊಟ್ಟೆ ಇಡುತ್ತೆ. ರೋಮದ ನಡುವೆ ಕೆನೆ ಬಣ್ಣದ ರವೆ ಅಂಟಿದ ಹಾಗೆ ಕಾಣುವುದೇ ಮೊಟ್ಟೆ. ಒಂದು ದಿನದೊಳಗೇ ಮರಿಯಾಗಿ ಮಾಂಸಕ್ಕೆ ಇಳಿಯುತ್ತವೆ. ಮೊಲ ಮೂಕ ಪ್ರಾಣಿ ಅನ್ನುವುದು ಇಲ್ಲಿ ಅಕ್ಷರಶಃ ನಿಜ, ನೋವಿಗೆ ಕಿರುಚುವುದಿಲ್ಲ, ಸುಮ್ಮನೆ ಮೂಲೆ ಹಿಡಿಯುತ್ತೆ.

ಕಂಡ ಹುಳಗಳನ್ನು ಚಿಮಟದಿಂದ ತೆಗೆದು, ಮೊಲವನ್ನು ಒಣ ಟವೆಲಿನಲ್ಲಿ ಸುತ್ತಿ ತಕ್ಷಣ ಆಸ್ಪತ್ರೆಗೆ. ಇಡೀ ಮೊಲವನ್ನು ನೀರಲ್ಲಿ ಅದ್ದಬೇಡಿ, ಗಾಬರಿಗೇ ಕುಸಿಯಬಹುದು. ದನದ ಗಾಯಕ್ಕೆ ಹಳ್ಳಿಯಲ್ಲಿ ಹಾಕುವ ಟರ್ಪೆಂಟೈನ್, ಸೀಮೆಎಣ್ಣೆ ಮೊಲಕ್ಕೆ ಹಾಕುವಂತಿಲ್ಲ, ಅದು ನೆಕ್ಕಿ ಹೊಟ್ಟೆಗೆ ಸೇರುತ್ತೆ. ನಾಯಿಗೆ ಉಣ್ಣೆ, ಚಿಗಟಕ್ಕೆ ಬಳಸುವ ಫಿಪ್ರೋನಿಲ್ ಸ್ಪ್ರೇ ಮತ್ತು ಹನಿ ಔಷಧಿ ಮೊಲಕ್ಕೆ ವಿಷ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಬಾಲ ಎತ್ತಿ ನೋಡುವುದು ಐದು ಸೆಕೆಂಡಿನ ಕೆಲಸ.

ಶಾಲೆಯ ಮಾತ್ರೆ, ನಾಯಿಯ ಮಾತ್ರೆ ಮತ್ತು ಸರಿಯಾದ ಲೆಕ್ಕ

ಪ್ರತಿವರ್ಷ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ಒಂದು ಮಾತ್ರೆ 400 ಮಿಲಿಗ್ರಾಂ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವುದೂ ಅದೇ. ಒಂದೂವರೆ ಕೆಜಿ ತೂಕದ ಮೊಲಕ್ಕೆ ಈ ಗುಂಪಿನ ಔಷಧಿಯ ಪ್ರಮಾಣ ಕೆಜಿಗೆ 20 ಮಿಲಿಗ್ರಾಂ ಅಂದುಕೊಂಡರೂ ಬೇಕಾಗುವುದು 30 ಮಿಲಿಗ್ರಾಂ. ಪೂರ್ತಿ ಮಾತ್ರೆ ಅದರ 13 ಪಟ್ಟು, ಕಾಲು ಮಾತ್ರೆಯೂ 3 ಪಟ್ಟು ಮೀರುತ್ತೆ. ಈ ಗುಂಪಿನ ಔಷಧಿ ಅತಿಯಾದರೆ ಅಥವಾ ತುಂಬಾ ದಿನ ಕೊಟ್ಟರೆ ಮೊಲದ ಮೂಳೆ ಮಜ್ಜೆ ರಕ್ತ ಕಣ ತಯಾರಿಸುವುದನ್ನೇ ನಿಲ್ಲಿಸಬಹುದು. ಅದರಲ್ಲೂ ಅಲ್ಬೆಂಡಜೋಲ್ ಮೇಲೆ ಪಶುವೈದ್ಯರಿಗೆ ಅನುಮಾನ ಜಾಸ್ತಿ, ಗಬ್ಬದ ಮೊಲಕ್ಕಂತೂ ಕೊಡಲೇಬಾರದು.

ದಾರದ ಹುಳಕ್ಕೆ ಸಾಮಾನ್ಯವಾಗಿ ಬಳಸುವುದು ಫೆನ್‌ಬೆಂಡಜೋಲ್. ಬ್ರಿಟನ್‌ನಂಥ ಕಡೆ ಮೊಲಕ್ಕೆಂದೇ ತಯಾರಾದ ಪೇಸ್ಟ್ ಇದೆ. ಇಲ್ಲಿ ನಾಯಿ, ದನಕರುಗಳ ದ್ರಾವಣವನ್ನೇ ವೈದ್ಯರು ಅಳೆದು ಕೊಡಿಸುತ್ತಾರೆ. ಮೋಸ ಹೋಗುವುದು ಬಾಟಲಿಯ ಮೇಲಿನ ಶೇಕಡಾ ಅಂಕಿಯಲ್ಲಿ. 2.5 ಶೇಕಡಾ ದ್ರಾವಣದ ಒಂದು ಎಂಎಲ್‌ನಲ್ಲಿ 25 ಮಿಲಿಗ್ರಾಂ ಇರುತ್ತೆ, 10 ಶೇಕಡಾದ್ದರಲ್ಲಿ 100. ಅದೇ ಒಂದೂವರೆ ಕೆಜಿ ಮೊಲಕ್ಕೆ ಮೊದಲನೆಯದರಲ್ಲಿ 1.2 ಎಂಎಲ್, ಎರಡನೆಯದರಲ್ಲಿ ಬರೀ 0.3 ಎಂಎಲ್. ಹಳೇ ಚೀಟಿಯ ಅಳತೆಯನ್ನು ಹೊಸ ಬಾಟಲಿಗೆ ಹಾಕಿದರೆ ಒಂದೇ ಸಲಕ್ಕೆ ನಾಲ್ಕು ಪಟ್ಟು ಹೋಗುತ್ತೆ. ಅಂಗಡಿಯವರು ಬಾಟಲಿ ಬದಲಿಸಿ ಕೊಡುವಾಗ ಇದನ್ನು ಗಿರಾಕಿಗೆ ಹೇಳಲೇಬೇಕು. ಎಷ್ಟು ದಿನ ಕೊಡಬೇಕು ಅನ್ನುವುದು ವೈದ್ಯರಿಗೆ ಬಿಟ್ಟದ್ದು. 10ರಿಂದ 14 ದಿನ ಬಿಟ್ಟು ಇನ್ನೊಮ್ಮೆ ಕೊಡುವುದು ವಾಡಿಕೆ, ಮೊದಲ ಸಲ ಉಳಿದುಹೋದ ಮೊಟ್ಟೆಗಳಿಂದ ಬಂದ ಹುಳ ಎರಡನೇ ಸಲಕ್ಕೆ ಸಿಗುತ್ತವೆ. ಗೂಡಿನ ಎಲ್ಲ ಮೊಲಗಳಿಗೂ ಒಂದೇ ದಿನ ಕೊಡಬೇಕು, ಅದೇ ದಿನ ಹಾಸು ಬದಲಿಸಿ ಬಟ್ಟಲು ತೊಳೆಯಬೇಕು.

ತೂಕ ಗೊತ್ತಿಲ್ಲದೆ ಈ ಲೆಕ್ಕ ಯಾವುದೂ ನಡೆಯಲ್ಲ. ಕಣ್ಣಳತೆಯಲ್ಲಿ 'ಎರಡು ಕೆಜಿ ಇರಬಹುದು' ಅನ್ನುವ ಮೊಲ ರೋಮ ಬಿಟ್ಟರೆ 1.2 ಕೆಜಿ ಇರುತ್ತೆ. ಅಡುಗೆಮನೆ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ಸೊನ್ನೆ ಮಾಡಿ ಮೊಲ ಕೂರಿಸಿದರೆ ಸಾಕು. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ, ಪರಿಚಯದ ತರಕಾರಿ ಅಂಗಡಿಯವರು ಬೇಡ ಅನ್ನಲಾರರು.

ನಾಯಿಯ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಬೆರೆತಿರುತ್ತವೆ, ಹಲವು ಬ್ರ್ಯಾಂಡುಗಳಲ್ಲಿ ಅಳತೆ 10 ಕೆಜಿ ನಾಯಿಗೆ ಒಂದು. ಅದನ್ನು ಬ್ಲೇಡಿನಲ್ಲಿ ಎಂಟು ಹೋಳು ಮಾಡಿದರೆ ಎಂಟೂ ಸಮ ಇರುವುದಿಲ್ಲ. ಕಿವಿ ಕಜ್ಜಿಗೆ ಹಾಕಿಸಿದ ಐವರ್‌ಮೆಕ್ಟಿನ್ ಇಂಜೆಕ್ಷನ್ 'ಹುಳಕ್ಕೂ ಆಯ್ತು' ಅನ್ನುವ ನಂಬಿಕೆಯೂ ಇದೆ. ಮೊಲದ ದಾರದ ಹುಳಕ್ಕೆ ಅದನ್ನು ನೆಚ್ಚುವಂತಿಲ್ಲ. ಮನೆಮದ್ದಿನ ಬೆಳ್ಳುಳ್ಳಿ ಮೊಲದ ರಕ್ತ ಕಣ ಒಡೆಯುತ್ತೆ, ಈರುಳ್ಳಿಯೂ ಅಷ್ಟೇ. ಭೇದಿ ನಿಲ್ಲಲಿ ಅಂತ ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಾಯಿ ಮೂಲಕ ಕೊಟ್ಟ ಪೆನಿಸಿಲಿನ್ ಗುಂಪಿನ ಔಷಧಿ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಕೊಂದು, ವಿಷ ಉಗುಳುವ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡುತ್ತೆ. ಔಷಧಿಗೆ ಮುಂಚೆ ಉಪವಾಸ ಕೆಡವುವುದೂ ಬೇಡ. ಮೊಲ 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದೇ ಒಂದು ತುರ್ತು, ಹುಳ ಇರಲಿ ಬಿಡಲಿ.

ಪರೀಕ್ಷೆ ಹೇಗೆ, ಎಲ್ಲಿ

ಬೆಳಗಿನ ತಾಜಾ ಹಿಕ್ಕೆ ಎಂಟು ಹತ್ತು, ಸಿಕ್ಕರೆ ಮೆತ್ತನೆಯದೂ ಒಂದಿಷ್ಟು, ಮುಚ್ಚಳ ಇರುವ ಒಣ ಡಬ್ಬಿಯಲ್ಲಿ ಹಾಕಿ ಅದೇ ದಿನ ಕೊಡಬೇಕು. ತಡವಾದರೆ ಫ್ರಿಡ್ಜಿನ ಕೆಳಗಿನ ಅರೆಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಲ್ಯಾಬಿನಲ್ಲಿ ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಂಥ ದ್ರಾವಣದಲ್ಲಿ ಕದಡಿದರೆ ಮೊಟ್ಟೆ ಮತ್ತು ಕಾಕ್ಸಿಡಿಯಾ ಕಣ ಮೇಲಕ್ಕೆ ತೇಲುತ್ತವೆ, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೇ ಸಲ ಹುಳವೋ ಕಾಕ್ಸಿಡಿಯಾವೋ ಗೊತ್ತಾಗುತ್ತೆ. ಸೂಕ್ಷ್ಮದರ್ಶಕ ಇರುವ ಪೆಟ್ ಕ್ಲಿನಿಕ್‌ಗಳಲ್ಲೇ ಇದು ಆಗುವ ಕೆಲಸ. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಮೊಲ ನೋಡುತ್ತೀರಾ, ಹಿಕ್ಕೆ ಪರೀಕ್ಷೆ ಅಲ್ಲೇ ಮಾಡುತ್ತೀರಾ? ನಾಯಿ ಬೆಕ್ಕು ಮಾತ್ರ ನೋಡುವ ಡಾಕ್ಟರುಗಳೂ ಇದ್ದಾರೆ, ಅದನ್ನು ಅವರೇ ಹೇಳುತ್ತಾರೆ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪರೋಪಜೀವಿಗಳಿಗೇ ಪ್ರತ್ಯೇಕ ವಿಭಾಗವಿದೆ. ಬನಶಂಕರಿಯಿಂದ ಅದು ಊರಿನ ಇನ್ನೊಂದು ತುದಿ ನಿಜ, ಅಷ್ಟು ದೂರ ಟ್ರಾಫಿಕ್‌ನಲ್ಲಿ ಹೋಗಬೇಕಾದರೆ ಮೊಲದ ಪಂಜರಕ್ಕೆ ಬಟ್ಟೆ ಹೊದಿಸಿ, ಒಳಗೆ ಹುಲ್ಲು ಇಟ್ಟಿರಿ.

ಕೊಳ್ಳುವವರು, ಮಾರುವವರು

ಪೆಟ್ ಶಾಪ್ ನಡೆಸುವವರು 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಕೊಳ್ಳುವವರು ಆ ಪತ್ರ ಕೇಳಬಹುದು, ಕೇಳಿದರೆ ತಪ್ಪೇನಿಲ್ಲ. ಮುಷ್ಟಿಯಷ್ಟಿರುವ ಮರಿ ಮುದ್ದಾಗಿ ಕಾಣುತ್ತೆ, ಬೇಗ ಮಾರಾಟವೂ ಆಗುತ್ತೆ, ಆದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಿದ ಮರಿಯೇ ಕಾಕ್ಸಿಡಿಯಾಕ್ಕೆ ಮೊದಲ ತುತ್ತು. ಮಾರಿದ ವಾರದೊಳಗೆ ಮರಿ ಸತ್ತರೆ ಅಂಗಡಿಯ ಹೆಸರೂ ಹೋಗುತ್ತೆ. ಪಂಜರದ ತಳಕ್ಕೆ ಹಿಕ್ಕೆ ಕೆಳಗೆ ಬೀಳುವ ಜಾಲರಿ, ಮೊಲ ಕೂರಲು ಒಂದು ಹಲಗೆ, ಮೇವಿಗೆ ಗೋಡೆಗೆ ನೇತುಹಾಕುವ ಬುಟ್ಟಿ ಇಷ್ಟಾದರೂ ಮಾಡಿಕೊಂಡರೆ ಮೇವು ಹಿಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತೆ. ಬೂದು ಬಣ್ಣದ ಕಾಡುಮೊಲವನ್ನು ಯಾರಾದರೂ ಮಾರಲು ತಂದರೆ ಮುಟ್ಟಲೂ ಬೇಡಿ, ಅದನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೊಸ ಮೊಲ ತಂದರೆ ಕನಿಷ್ಠ ಎರಡು ವಾರ ಹಳೆಯದರಿಂದ ಬೇರೆ ಇಡಿ, ಬಟ್ಟಲು, ಬ್ರಷ್ ಬೇರೆ ಇರಲಿ, ಮೊದಲ ವಾರವೇ ಹಿಕ್ಕೆ ಪರೀಕ್ಷೆ ಮಾಡಿಸಿ. ಆಗ ಏನೂ ಸಿಗಲಿಲ್ಲ ಅಂದರೂ ಎರಡು ತಿಂಗಳ ನಂತರ ಇನ್ನೊಂದು ಸಲ ಮಾಡಿಸಬೇಕು. ನುಂಗಿದ ಮೊಟ್ಟೆ ದೊಡ್ಡ ದಾರದ ಹುಳವಾಗಿ ತಾನೇ ಮೊಟ್ಟೆ ಇಡಲು ಸುಮಾರು 56ರಿಂದ 64 ದಿನ ಹಿಡಿಯುತ್ತೆ, ಅಲ್ಲಿಯವರೆಗೆ ಹಿಕ್ಕೆಯಲ್ಲಿ ಮೊಟ್ಟೆ ಕಾಣುವುದಿಲ್ಲ.